17 ಶಾಸಕರು, ಒಂದು ತೀರ್ಪು, ಆಮೇಲೆ ಊರಿನ ಲೆಕ್ಕ

2019ರ ಆಗಸ್ಟ್ ಮೊದಲ ವಾರಗಳು. ಘಟಪ್ರಭೆಯ ನೀರು ಗೋಕಾಕ ಪೇಟೆಯೊಳಗೆ ನುಗ್ಗಿತ್ತು. ಅಥಣಿ, ಕಾಗವಾಡ ಕಡೆ ಕೃಷ್ಣಾ ದಂಡೆಯ ಊರುಗಳು ಮುಳುಗಿದ್ದವು. ಈ ಮೂರು ಕ್ಷೇತ್ರಗಳಿಗೂ ಆಗ ಶಾಸಕರೇ ಇರಲಿಲ್ಲ. ಮೂವರೂ ಹಿಂದಿನ ತಿಂಗಳಷ್ಟೇ ಅನರ್ಹರಾಗಿದ್ದರು. ಬೆಂಗಳೂರಿನಲ್ಲಿ ಮಂತ್ರಿಮಂಡಲವೂ ಇರಲಿಲ್ಲ. ಜುಲೈ 26ಕ್ಕೆ ಪ್ರಮಾಣ ಮಾಡಿದ ಯಡಿಯೂರಪ್ಪನವರು ಆಗಸ್ಟ್ 20ರವರೆಗೆ ಒಬ್ಬರೇ ಸರ್ಕಾರ. ಬೋಟಿನಲ್ಲಿ ಜನರನ್ನು ಸಾಗಿಸುವ ಹೊತ್ತಿಗೆ ಕೂಗಿ ಕರೆಯೋಕೆ ಶಾಸಕರೂ ಇಲ್ಲ, ಮಂತ್ರಿಯೂ ಇಲ್ಲ.

ಪಕ್ಷಾಂತರದ ಬಗ್ಗೆ ಮಾತಾಡುವಾಗ ನಾವು ರೆಸಾರ್ಟು, ಸೂಟ್‌ಕೇಸು, ಬಾಂಬೆ ಅಂತ ಹೋಗಿಬಿಡುತ್ತೇವೆ. ಮಜಾ ಇರುತ್ತದೆ, ಹಾಗಾಗಿ. ಆದರೆ ರಾಜ್ಯಶಾಸ್ತ್ರದವರು ಕೇಳುವ ಪ್ರಶ್ನೆ ಒಣ ಪ್ರಶ್ನೆ. ಕಾನೂನು ಒಂದು ತಪ್ಪಿಗೆ ಎಷ್ಟು ಬೆಲೆ ಕಟ್ಟಿದೆ? ಆ ಬೆಲೆಯನ್ನು ಯಾರು ವಸೂಲಿ ಮಾಡುತ್ತಾರೆ? ನಿಜವಾಗಿ ಯಾರ ಜೇಬಿನಿಂದ ಹೋಗುತ್ತದೆ? 2019ರಲ್ಲಿ ಕಾಂಗ್ರೆಸ್-ಜೆಡಿಎಸ್ ಸರ್ಕಾರವನ್ನು ಬೀಳಿಸಿ ಅನರ್ಹರಾದ ಕರ್ನಾಟಕದ 17 ಶಾಸಕರ ಪ್ರಕರಣ ಈ ಮೂರಕ್ಕೂ ಉತ್ತರ ಕೊಡುತ್ತದೆ. ಆದರೆ ಉತ್ತರ ಸಿಗೋದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಲ್ಲ, ಅದು ಬಂದ ಮೂರೂವರೆ ವರ್ಷಕ್ಕೆ, 2023ರ ಫಲಿತಾಂಶದಲ್ಲಿ.

ಮೊದಲು ಅಂಕಿ ನೋಡೋಣ. 2018ರ ಚುನಾವಣೆಯಲ್ಲಿ ಬಿಜೆಪಿಗೆ ಬಂದದ್ದು 104. ಯಡಿಯೂರಪ್ಪ ಪ್ರಮಾಣ ಮಾಡಿದರು, ಸುಪ್ರೀಂ ಕೋರ್ಟ್ ರಾತ್ರಿಯೆಲ್ಲ ಕೂತು ಕೇಳಿತು, ಮೇ 19ಕ್ಕೆ ಬಲ ತೋರಿಸಿ ಅಂದಿತು, ಬಲ ಸಾಲದೆ ಅವರು ಇಳಿದರು. ಕಾಂಗ್ರೆಸ್ ಮತ್ತು ಜೆಡಿಎಸ್ ಸೇರಿ ಕುಮಾರಸ್ವಾಮಿ ಸರ್ಕಾರ ಮಾಡಿದವು. ಮುಂದಿನ ವರ್ಷ ಚಿಂಚೋಳಿಯ ಕಾಂಗ್ರೆಸ್ ಶಾಸಕ ಉಮೇಶ್ ಜಾಧವ್ ರಾಜೀನಾಮೆ ಕೊಟ್ಟು ಬಿಜೆಪಿಯಿಂದ ಕಲಬುರಗಿ ಲೋಕಸಭೆಗೆ ಗೆದ್ದರು, ಚಿಂಚೋಳಿಯ ಉಪಚುನಾವಣೆಯಲ್ಲಿ ಮಗ ಗೆದ್ದರು, ಬಿಜೆಪಿ 105 ಆಯಿತು. ಈ 105 ನೆನಪಿಟ್ಟುಕೊಳ್ಳಿ.

ನಾಮಕರಣಗೊಂಡ ಒಬ್ಬರನ್ನೂ ಸೇರಿಸಿದರೆ ಸದನ 225. ಬಹುಮತಕ್ಕೆ 113 ಬೇಕು. 105ನ್ನು 113 ಮಾಡುವುದು ಕಷ್ಟ, ಯಾಕೆಂದರೆ ಎದುರು ಪಕ್ಷದವರನ್ನು ಕರೆತಂದು ಓಟು ಹಾಕಿಸಿದರೆ ಅವರು ಸೀದಾ ಅನರ್ಹರಾಗುತ್ತಾರೆ. 1985ರ 52ನೇ ತಿದ್ದುಪಡಿ ತಂದ ಸಂವಿಧಾನದ ಹತ್ತನೇ ಶೆಡ್ಯೂಲು, ಅಂದರೆ ಪಕ್ಷಾಂತರ ನಿಷೇಧ ಕಾನೂನು, ಹೇಳೋದೇ ಅದನ್ನು. ಹಿಂದೆ ಒಂದು ಪಕ್ಷದ ಶಾಸಕರಲ್ಲಿ ಮೂರನೇ ಒಂದು ಭಾಗ ಒಡೆದು ಬಂದರೆ ಮಾಫಿ ಇತ್ತು. 2003ರ 91ನೇ ತಿದ್ದುಪಡಿ ಆ ಬಾಗಿಲನ್ನೂ ಮುಚ್ಚಿತು. ಹಾಗಾದರೆ? 105 ದೊಡ್ಡದಾಗದಿದ್ದರೆ 225ನ್ನು ಚಿಕ್ಕದು ಮಾಡೋದು. 17 ಜನ ಎದ್ದು ಹೋದರೆ ಉಳಿಯೋದು 208. ಅದರ ಬಹುಮತ 105! ಲೆಕ್ಕ ಯಾರು ಹಾಕಿದರೋ, ಚೆನ್ನಾಗಿಯೇ ಹಾಕಿದ್ದರು.

ಇದೇನು ಹೊಸ ಐಡಿಯಾ ಅಲ್ಲ. 2008ರಲ್ಲಿ 110 ಸ್ಥಾನ ಗೆದ್ದ ಬಿಜೆಪಿ ಇದೇ ದಾರಿ ಹಿಡಿದಿತ್ತು. ವಿರೋಧಿ ಶಾಸಕ ರಾಜೀನಾಮೆ ಕೊಡಬೇಕು, ಬಿಜೆಪಿ ಟಿಕೆಟ್ಟಿನಲ್ಲಿ ಮತ್ತೆ ನಿಲ್ಲಬೇಕು. ಆಪರೇಷನ್ ಕಮಲ ಅನ್ನೋ ಹೆಸರು ಬಂದದ್ದು ಆಗ. ವ್ಯತ್ಯಾಸ ಏನೆಂದರೆ, 2008ರದು ಇರುವ ಸರ್ಕಾರವನ್ನು ಗಟ್ಟಿ ಮಾಡಿಕೊಳ್ಳೋಕೆ, 2019ರದು ಇನ್ನೊಬ್ಬರ ಸರ್ಕಾರವನ್ನು ಬೀಳಿಸೋಕೆ.

1994ರ ಎಸ್.ಆರ್. ಬೊಮ್ಮಾಯಿ ತೀರ್ಪು ಇಡೀ ದೇಶಕ್ಕೆ ಒಂದು ಪಾಠ ಹೇಳಿತ್ತು. ಬಹುಮತ ಎಣಿಸಬೇಕಾದ್ದು ರಾಜಭವನದಲ್ಲಲ್ಲ, ಸದನದ ಒಳಗೆ. ಅದೂ ಕರ್ನಾಟಕದ್ದೇ ಕೇಸು. ಸದನದ ಅಳತೆಯನ್ನೇ ಬದಲಿಸುವವರು ಬಂದರೆ ಏನು ಮಾಡೋದು ಅನ್ನೋ ಪ್ರಶ್ನೆ ಆಗ ಯಾರ ಮುಂದೆಯೂ ಇರಲಿಲ್ಲ. (2019ರಲ್ಲಿ ಹೀಗೆ ಬಂದ ಸರ್ಕಾರದ ಎರಡನೇ ಮುಖ್ಯಮಂತ್ರಿ ಆದದ್ದು ಅದೇ ಬೊಮ್ಮಾಯಿಯವರ ಮಗ. ಕಥೆ ಬರೆಯುವವರು ಹೀಗೆ ಬರೆದರೆ ಜಾಸ್ತಿಯಾಯ್ತು ಅಂತೀವಿ, ಅಲ್ವಾ?)

ಜುಲೈ 2019

ಜುಲೈ 1ಕ್ಕೆ ಆನಂದ್ ಸಿಂಗ್ ಮತ್ತು ರಮೇಶ್ ಜಾರಕಿಹೊಳಿ ಶುರು ಮಾಡಿದರು. 6ಕ್ಕೆ ದೊಡ್ಡ ಗುಂಪೇ ಸ್ಪೀಕರ್ ಕಚೇರಿಗೆ ಬಂತು. ಸ್ಪೀಕರ್ ರಮೇಶ್ ಕುಮಾರ್ ಅಲ್ಲಿರಲಿಲ್ಲ. ಪತ್ರ ಕೊಟ್ಟು ಮುಂಬೈ ವಿಮಾನ ಹತ್ತಿದರು. ಹಲವರ ರಾಜೀನಾಮೆ ಸರಿಯಾದ ನಮೂನೆಯಲ್ಲಿಲ್ಲ ಅಂತ ಸ್ಪೀಕರ್ ಹೇಳಿದರು. 10ಕ್ಕೆ ಎಂ.ಟಿ.ಬಿ. ನಾಗರಾಜ್, ಸುಧಾಕರ್. ಅದೇ ದಿನ ಡಿ.ಕೆ. ಶಿವಕುಮಾರ್ ಈ ಶಾಸಕರು ತಂಗಿದ್ದ ಮುಂಬೈಯ ಪೊವಾಯಿ ಹೋಟೆಲಿನ ಗೇಟಿನ ಹತ್ತಿರ ಮಳೆಯಲ್ಲಿ ನಿಂತಿದ್ದು ಎಲ್ಲರಿಗೂ ನೆನಪಿದೆ. ಟಿವಿಯವರು ಮೊದಲು ಇವರನ್ನು 'ಅತೃಪ್ತರು' ಅಂದರು, ಆಮೇಲೆ 'ಅನರ್ಹರು', ಗೆದ್ದ ಮೇಲೆ 'ವಲಸಿಗರು', ಮಂತ್ರಿಗಳಾದ ಮೇಲೆ 'ಮಿತ್ರಮಂಡಳಿ'. ಹೆಸರು ಬದಲಾದ ಹಾಗೆ ಬೆಲೆಯೂ ಬದಲಾಗುತ್ತಾ ಹೋಯಿತು.

ಜುಲೈ 17ಕ್ಕೆ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟಿತು. ರಾಜೀನಾಮೆ ಬಗ್ಗೆ ಸ್ಪೀಕರ್ ತಮಗೆ ಸರಿ ಕಂಡ ಹೊತ್ತಿಗೆ ತೀರ್ಮಾನ ಮಾಡಲಿ, ಆದರೆ ಕೋರ್ಟಿಗೆ ಬಂದಿದ್ದ 15 ಶಾಸಕರನ್ನು ಸದನಕ್ಕೆ ಬನ್ನಿ ಅಂತ ಬಲವಂತ ಮಾಡುವಂತಿಲ್ಲ. ಎರಡೂ ಕಡೆಗೆ ಒಂದೊಂದು ತುಂಡು ಕೊಟ್ಟ ಹಾಗೆ ಕಂಡಿತು. ನನ್ನ ಪ್ರಕಾರ ಆಟ ಮುಗಿದದ್ದು ಅವತ್ತೇ. ವಿಶ್ವಾಸಮತಕ್ಕೆ ಲೆಕ್ಕ ಬರೋದು ಹಾಜರಿದ್ದು ಓಟು ಹಾಕಿದವರದು ಮಾತ್ರ. ವಿಪ್ (ಪಕ್ಷದ ಆದೇಶ) ಇದ್ದರೂ ಬರಬೇಕಾಗಿಲ್ಲ ಅಂತಾದರೆ ಸರ್ಕಾರ ಬಿದ್ದ ಹಾಗೇ. ಮಾತಿನ ಮೇಲೆ ಮಾತು ಬೆಳೆದು ಆರು ದಿನ ಎಳೆದರು. ರಾಜ್ಯಪಾಲರು ಗಡುವು ಕೊಟ್ಟರು, ಸದನ ಕೇಳಲಿಲ್ಲ. 23ಕ್ಕೆ ಓಟು: ಸರ್ಕಾರದ ಪರ 99, ವಿರುದ್ಧ 105. 20 ಜನ ಬರಲೇ ಇಲ್ಲ.

25ಕ್ಕೆ ಮೂವರನ್ನು, 28ಕ್ಕೆ 14 ಜನರನ್ನು ಸ್ಪೀಕರ್ ಅನರ್ಹ ಮಾಡಿದರು. ಜೊತೆಗೊಂದು ಸಾಲು ಸೇರಿಸಿದರು: ಈ ವಿಧಾನಸಭೆಯ ಅವಧಿ ಮುಗಿಯುವವರೆಗೆ, ಅಂದರೆ 2023ರವರೆಗೆ, ಇವರು ಮತ್ತೆ ನಿಲ್ಲುವಂತಿಲ್ಲ. 29ಕ್ಕೆ ಯಡಿಯೂರಪ್ಪ ಬಹುಮತ ಪಡೆದರು, ರಮೇಶ್ ಕುಮಾರ್ ರಾಜೀನಾಮೆ ಕೊಟ್ಟು ಹೋದರು.

ಕೋರ್ಟಿನಲ್ಲಿ ಜಗಳ ಯಾತಕ್ಕೆ?

ಸುಮ್ನೆ ನೋಡಿದರೆ ಈ ಜಗಳ ವಿಚಿತ್ರ. ಹೆಚ್ಚಿನವರು ಹೇಗೂ ಶಾಸಕ ಸ್ಥಾನ ಬೇಡ ಅಂತ ತಾವೇ ಪತ್ರ ಕೊಟ್ಟವರು. ಅನರ್ಹ ಮಾಡಿದರೆ ಹೋಗೋದೂ ಅದೇ ಸ್ಥಾನ. ಮತ್ತೆ ದೆಹಲಿಗೆ ಯಾಕೆ ಓಡಿದರು?

ಉತ್ತರ ಸಂವಿಧಾನದ 164(1ಬಿ) ವಿಧಿಯಲ್ಲಿದೆ. ಶಾಸಕರಲ್ಲದವರೂ ಆರು ತಿಂಗಳು ಮಂತ್ರಿಯಾಗಿರಬಹುದು, ಅದು ಹಳೇ ನಿಯಮ. ಆದರೆ ಪಕ್ಷಾಂತರಕ್ಕಾಗಿ ಅನರ್ಹನಾದವನು, ಅವಧಿ ಮುಗಿಯುವವರೆಗೆ ಅಥವಾ ಮತ್ತೆ ಚುನಾವಣೆಗೆ ನಿಂತು ಗೆಲ್ಲುವವರೆಗೆ, ಮಂತ್ರಿಯಾಗುವ ಹಾಗಿಲ್ಲ. ರಾಜೀನಾಮೆ ಒಪ್ಪಿಗೆಯಾಗಿದ್ದರೆ ಮರುದಿನವೇ ಪ್ರಮಾಣವಚನ ಮಾಡಬಹುದಿತ್ತು. ಅನರ್ಹತೆ ಬಂದರೆ ಮೊದಲು ಜನರ ಹತ್ತಿರ ಹೋಗಬೇಕು. ಸ್ಪೀಕರ್ ಹಾಕಿದ 2023ರ ಬೇಲಿ ಉಳಿದರೆ ಜನರ ಹತ್ತಿರವೂ ಹೋಗುವಂತಿಲ್ಲ. ಇಷ್ಟೇ ವ್ಯಾಜ್ಯದ ತಿರುಳು.

ಕರ್ನಾಟಕದವರೇ ಆದ ನ್ಯಾಯಮೂರ್ತಿ ಮೋಹನ ಶಾಂತನಗೌಡರ್ ಹಿಂದೆ ಸರಿದರು. ಎನ್.ವಿ. ರಮಣ, ಸಂಜೀವ್ ಖನ್ನಾ, ಕೃಷ್ಣ ಮುರಾರಿ ಪೀಠ ಕೇಳಿತು. ಅಕ್ಟೋಬರ್ 21ಕ್ಕೆ ಅಂತ ನಿಗದಿಯಾಗಿದ್ದ ಉಪಚುನಾವಣೆಯನ್ನು ಆಯೋಗ ಡಿಸೆಂಬರ್ 5ಕ್ಕೆ ಮುಂದೂಡಿತು. ನವೆಂಬರ್ 13ಕ್ಕೆ ತೀರ್ಪು. ಅದಕ್ಕೆ ಹೆಸರು ಬಂದದ್ದು ಕಾಗವಾಡದ ಶ್ರೀಮಂತ ಬಾಳಾಸಾಹೇಬ ಪಾಟೀಲರಿಂದ. ಇವರು ರಾಜೀನಾಮೆಯನ್ನೇ ಕೊಟ್ಟಿರಲಿಲ್ಲ. ವಿಶ್ವಾಸಮತದ ಹೊತ್ತಿಗೆ ಮುಂಬೈಯ ಆಸ್ಪತ್ರೆಯಲ್ಲಿದ್ದೆ, ಹಾಗಾಗಿ ಬರಲಿಲ್ಲ ಅನ್ನೋದು ಅವರ ವಾದ. ಕೋರ್ಟ್ ಒಪ್ಪಲಿಲ್ಲ.

ತೀರ್ಪು ಎರಡು ಹೋಳು. ಮೊದಲ ಹೋಳು ಸ್ಪೀಕರ್ ಕಡೆಗೆ. ಪಕ್ಷ ಬಿಡುವ ನಡತೆ ನಡೆದಿದ್ದರೆ ಆಮೇಲೆ ರಾಜೀನಾಮೆ ಕೊಟ್ಟರೂ ಅನರ್ಹತೆ ಅಳಿಸಿಹೋಗುವುದಿಲ್ಲ. 17 ಜನರ ಅನರ್ಹತೆ ಸರಿ. ಎರಡನೆಯದು ಶಾಸಕರ ಕಡೆಗೆ. ರಾಜೀನಾಮೆ ಬಂದಾಗ ಸ್ಪೀಕರ್ ನೋಡಬೇಕಾದ್ದು ಸ್ವಂತ ಇಚ್ಛೆಯಿಂದ ಕೊಟ್ಟದ್ದೇ, ಅಸಲಿಯೇ ಅನ್ನೋದನ್ನು ಮಾತ್ರ, ಹಿಂದಿನ ಉದ್ದೇಶ ಕೆದಕುವಂತಿಲ್ಲ. ಮತ್ತೆ, 2023ರವರೆಗೆ ನಿಲ್ಲಬಾರದು ಅನ್ನೋ ಅಧಿಕಾರ ಸ್ಪೀಕರ್‌ಗೆ ಇಲ್ಲ. ಸಂವಿಧಾನದಲ್ಲೂ ಇಲ್ಲ, ಹತ್ತನೇ ಶೆಡ್ಯೂಲಿನಲ್ಲೂ ಇಲ್ಲ, ಪ್ರಜಾಪ್ರತಿನಿಧಿ ಕಾಯ್ದೆಯಲ್ಲೂ ಇಲ್ಲ. ಹೈಕೋರ್ಟಿಗೆ ಹೋಗದೆ ಸೀದಾ ಇಲ್ಲಿಗೆ ಬಂದದ್ದೂ ಸರಿಯಲ್ಲ ಅಂತ ಶಾಸಕರಿಗೂ ಒಂದು ಮಾತು ಅಂದರು. ಸ್ಪೀಕರುಗಳು ತಟಸ್ಥರಾಗಿರುತ್ತಿಲ್ಲ, ಸಂಸತ್ತು ಈ ಕಾನೂನನ್ನು ಬಲಪಡಿಸುವ ಯೋಚನೆ ಮಾಡಲಿ ಅಂತಲೂ ಬರೆದರು.

ಕಾನೂನಿನ ಓದಾಗಿ ತೀರ್ಪು ಸರಿ ಅಂತಲೇ ನನಗನ್ನಿಸುತ್ತದೆ. ಪುಸ್ತಕದಲ್ಲಿಲ್ಲದ ಶಿಕ್ಷೆಯನ್ನು ಸ್ಪೀಕರ್ ಹುಟ್ಟಿಸಿಕೊಂಡರೆ ನಾಳೆ ಇನ್ನೊಂದು ಪಕ್ಷದ ಸ್ಪೀಕರ್ ಇನ್ನೇನನ್ನೋ ಹುಟ್ಟಿಸುತ್ತಾರೆ. ಆದರೆ ಬೆಲೆಯ ಲೆಕ್ಕದಲ್ಲಿ ಆದದ್ದೇನು? ಪಕ್ಷಾಂತರದ ದಂಡ ಒಂದು ಉಪಚುನಾವಣೆಗೆ ಇಳಿಯಿತು. ಅದೂ ಆಳುವ ಪಕ್ಷದ ಕಡೆಯಿಂದ ನಿಲ್ಲುವ ಉಪಚುನಾವಣೆ.

ತೀರ್ಪಿನ ಮರುದಿನವೇ, ನವೆಂಬರ್ 14ಕ್ಕೆ, ರೋಷನ್ ಬೇಗ್ ಒಬ್ಬರನ್ನು ಬಿಟ್ಟು 16 ಜನ ಬಿಜೆಪಿ ಸೇರಿದರು. 13 ಜನಕ್ಕೆ ಟಿಕೆಟ್ ಸಿಕ್ಕಿತು. 15 ಕ್ಷೇತ್ರಕ್ಕೆ ಚುನಾವಣೆ. ಮಸ್ಕಿ ಮತ್ತು ರಾಜರಾಜೇಶ್ವರಿನಗರದ 2018ರ ಫಲಿತಾಂಶದ ಮೇಲೆ ಹೈಕೋರ್ಟಿನಲ್ಲಿ ತಕರಾರಿದ್ದ ಕಾರಣ ಅವೆರಡು ಉಳಿದುಕೊಂಡವು. ಬಹುಮತಕ್ಕೆ ಬಿಜೆಪಿಗೆ ಬೇಕಾಗಿದ್ದದ್ದು 6. ಬಂದದ್ದು 12. ಅನರ್ಹರಾಗಿ ನಿಂತ 13 ಜನರಲ್ಲಿ 11 ಜನ ಗೆದ್ದರು. ಕೆ.ಆರ್. ಪೇಟೆಯಲ್ಲಿ ನಾರಾಯಣಗೌಡ ಗೆದ್ದಾಗ ಮಂಡ್ಯ ಜಿಲ್ಲೆಯಲ್ಲೇ ಬಿಜೆಪಿಗೆ ಮೊದಲ ಗೆಲುವು. ಯಡಿಯೂರಪ್ಪನವರ ಹುಟ್ಟೂರು ಬೂಕನಕೆರೆ ಇರೋದೂ ಅದೇ ತಾಲ್ಲೂಕಿನಲ್ಲಿ. ಪ್ರಚಾರದ ಸಾರ ಎಲ್ಲಾ ಕಡೆ ಒಂದೇ: ನೀವು ಆರಿಸ್ತಿರೋದು ಬರೀ ಶಾಸಕನನ್ನಲ್ಲ, ಮಂತ್ರಿಯನ್ನು. 2020ರ ಫೆಬ್ರುವರಿ 6ಕ್ಕೆ 11ರಲ್ಲಿ 10 ಜನ ಮಂತ್ರಿಗಳೇ ಆದರು. ಅಥಣಿಯ ಮಹೇಶ್ ಕುಮಠಳ್ಳಿ ಒಬ್ಬರು ಉಳಿದರು.

ಜನ ಕ್ಷಮಿಸಿಬಿಟ್ಟರು ಅಂತ ಆಗ ಎಲ್ಲರೂ ಬರೆದರು. ನಾನೂ ಹಾಗೇ ಅಂದುಕೊಂಡಿದ್ದೆ.

ಸೋತ ಇಬ್ಬರ ಕಥೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ, ಅದರಲ್ಲಿ ಕಾನೂನಿನ ಹಲ್ಲು ಒಂದೇ ಒಂದು ಸಲ ನಿಜವಾಗಿ ಕಚ್ಚಿದ್ದು ಕಾಣುತ್ತದೆ. ಹೊಸಕೋಟೆಯಲ್ಲಿ ಸೋತ ಎಂ.ಟಿ.ಬಿ. ನಾಗರಾಜ್ ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಹುಣಸೂರಿನಲ್ಲಿ ಸೋತ ಎಚ್. ವಿಶ್ವನಾಥ್ ಅವರನ್ನು ಪರಿಷತ್ತಿಗೆ ನಾಮಕರಣ ಮಾಡಿದರು. ಇಬ್ಬರೂ ಎಂಎಲ್‌ಸಿ, ಇಬ್ಬರಿಗೂ ಒಂದೇ ಬಾವುಟ. ಆದರೆ 2020ರ ನವೆಂಬರ್ 30ಕ್ಕೆ ಹೈಕೋರ್ಟ್ ಹೇಳಿತು: ಮಂತ್ರಿಯಾಗೋಕೆ 164(1ಬಿ) ವಿಧಿ ಕೇಳೋದು ಮತ್ತೆ ಚುನಾಯಿತನಾಗಬೇಕು ಅಂತ, ನಾಮಕರಣ ಚುನಾವಣೆಯಲ್ಲ. ಸುಪ್ರೀಂ ಕೋರ್ಟೂ ಇದರಲ್ಲಿ ಕೈ ಹಾಕಲಿಲ್ಲ. ನಾಗರಾಜ್ ಮಂತ್ರಿಯಾದರು, ವಿಶ್ವನಾಥ್ ಆಗಲಿಲ್ಲ. ಸರ್ಕಾರ ಬೀಳಿಸಿದವರಲ್ಲಿ ಹಿರಿಯರು, ಜೆಡಿಎಸ್ ರಾಜ್ಯಾಧ್ಯಕ್ಷರಾಗಿದ್ದವರು. ಒಂದು ಪದ ಅವರನ್ನು ಹೊರಗಿಟ್ಟಿತು.

ಸೋತಿದ್ದವರ ಪಟ್ಟಿ

ಈಗ ನನಗೆ ನಿಜವಾಗಿ ಹೇಳಬೇಕಾದ್ದು. ಈ 17 ಕ್ಷೇತ್ರಗಳ ಪಟ್ಟಿ ಹಾಕಿಕೊಂಡು ಮೂರು ಚುನಾವಣೆಗಳನ್ನು ಪಕ್ಕಪಕ್ಕ ಬರೆದು ನೋಡಿ: 2018, ಉಪಚುನಾವಣೆ, 2023. ಎಲ್ಲರೂ ನೋಡೋದು ಗೆದ್ದವರನ್ನು. ನೀವು 2018ರಲ್ಲಿ ಸೋತ ಬಿಜೆಪಿ ಅಭ್ಯರ್ಥಿಯ ಹೆಸರಿನ ಮೇಲೆ ಬೆರಳಿಡಿ.

ಹೊಸಕೋಟೆ: 2018ರಲ್ಲಿ ನಾಗರಾಜ್ ಎದುರು ಸೋತ ಬಿಜೆಪಿಯವರು ಶರತ್ ಬಚ್ಚೇಗೌಡ. ಟಿಕೆಟ್ ನಾಗರಾಜ್‌ಗೆ ಹೋಯಿತು. ಶರತ್ ಪಕ್ಷೇತರರಾಗಿ ನಿಂತರು, ಅಪ್ಪ ಬಿಜೆಪಿ ಸಂಸದರಾಗಿದ್ದರೂ. ಗೆದ್ದರು. 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಗೆದ್ದರು. ಕಾಗವಾಡ: ಶ್ರೀಮಂತ ಪಾಟೀಲರ ಎದುರು ಸೋತಿದ್ದವರು ರಾಜು ಕಾಗೆ. ಕಾಂಗ್ರೆಸ್ ಸೇರಿದರು, ಉಪಚುನಾವಣೆಯಲ್ಲಿ ಸೋತರು, 2023ರಲ್ಲಿ ಪಾಟೀಲರನ್ನೇ ಸೋಲಿಸಿದರು. ಹಿರೇಕೆರೂರು: ಬಿ.ಸಿ. ಪಾಟೀಲರ ಎದುರು 2018ರಲ್ಲಿ ಕೂದಲೆಳೆಯಲ್ಲಿ ಸೋತವರು ಯು.ಬಿ. ಬಣಕಾರ. 2023ರಲ್ಲಿ ಕಾಂಗ್ರೆಸ್ಸಿನಿಂದ ನಿಂತು ಪಾಟೀಲರನ್ನು ಸೋಲಿಸಿದರು. ಅಥಣಿ: ಕುಮಠಳ್ಳಿ ಎದುರು ಸೋತವರು ಲಕ್ಷ್ಮಣ ಸವದಿ. ಇವರನ್ನು ಉಪಮುಖ್ಯಮಂತ್ರಿಯನ್ನೇ ಮಾಡಿದರು. ಆದರೂ 2023ರಲ್ಲಿ ಟಿಕೆಟ್ ಕುಮಠಳ್ಳಿಗೇ ಹೋದಾಗ ಕಾಂಗ್ರೆಸ್ ಸೇರಿ ಗೆದ್ದರು. ವಿಜಯನಗರ: ಆನಂದ್ ಸಿಂಗ್ ಎದುರು ಸೋತಿದ್ದ ಎಚ್.ಆರ್. ಗವಿಯಪ್ಪ, 2023ರಲ್ಲಿ ಕಾಂಗ್ರೆಸ್ಸಿನಿಂದ ಅವರ ಮಗನನ್ನು ಸೋಲಿಸಿದರು.

ಮಸ್ಕಿಯದು ಎಲ್ಲಕ್ಕಿಂತ ರುಚಿ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರನ್ನು ಸೋಲಿಸಿದ್ದು 213 ಓಟಿನಿಂದ. ತುರ್ವಿಹಾಳ ಕೋರ್ಟಿಗೆ ಹೋದರು. ಅಷ್ಟರಲ್ಲಿ ಪ್ರತಾಪಗೌಡರು ಬಿಜೆಪಿಗೇ ಬಂದು ಕೂತರು. ತಮ್ಮದೇ ಪಕ್ಷಕ್ಕೆ ಬಂದವರ ಮೇಲೆ ತಾವೇ ಹಾಕಿದ ಕೇಸು! ಅದು ಮುಗಿಯುವವರೆಗೆ ಉಪಚುನಾವಣೆ ಇಲ್ಲ. ಕೊನೆಗೆ 2021ರ ಏಪ್ರಿಲ್ 17ಕ್ಕೆ ಮತದಾನ ನಡೆದಾಗ ಇಬ್ಬರೂ ಜಾಗ ಅದಲು ಬದಲು ಮಾಡಿಕೊಂಡಿದ್ದರು. ಪ್ರತಾಪಗೌಡ ಬಿಜೆಪಿ, ತುರ್ವಿಹಾಳ ಕಾಂಗ್ರೆಸ್. ತುರ್ವಿಹಾಳ ಗೆದ್ದದ್ದು 30,000ಕ್ಕೂ ಜಾಸ್ತಿ ಓಟಿನಿಂದ. 213 ಎಲ್ಲಿ, 30,000 ಎಲ್ಲಿ! 2023ರಲ್ಲೂ ಅವರೇ. ಇಷ್ಟೆಲ್ಲದರ ನಡುವೆ ಮಸ್ಕಿಯ ಜನಕ್ಕೆ 21 ತಿಂಗಳು ಶಾಸಕರಿರಲಿಲ್ಲ. ಕೋವಿಡ್‌ನ ಮೊದಲ ಅಲೆ ಪೂರ್ತಿ ಹಾಗೇ ಕಳೆಯಿತು.

ಆರು ಕ್ಷೇತ್ರ, ಒಂದೇ ಕಥೆ. ಶಾಸಕನನ್ನು ತರಬಹುದು, ಕ್ಷೇತ್ರದಲ್ಲಿ ಅವನ ವಿರುದ್ಧ ಹತ್ತು ಹದಿನೈದು ವರ್ಷ ಕಾದಾಡಿದ ಮನುಷ್ಯನನ್ನು, ಅವನ ಜೊತೆ ಬೂತ್ ಬೂತಿನಲ್ಲಿ ಪೆಟ್ಟು ತಿಂದವರನ್ನು ಎಲ್ಲಿಡೋದು? 'ಮೂಲ'ದವರು, 'ವಲಸಿಗ'ರು ಅನ್ನೋ ಜಗಳ ಪತ್ರಿಕೆಯಲ್ಲಿ ಮಂತ್ರಿ ಖಾತೆಯ ಜಗಳವಾಗಿ ಕಾಣುತ್ತಿತ್ತು. ಊರಲ್ಲಿ ಅದು ಗ್ರಾಮ ಪಂಚಾಯಿತಿಯಲ್ಲಿ ಯಾರ ಮಾತು ನಡೆಯಬೇಕು, ಪಿಎಸ್‌ಐ ಯಾರ ಫೋನು ಎತ್ತಬೇಕು ಅನ್ನೋ ಜಗಳ. ಬಿಜೆಪಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಸೋತಿದ್ದ ಹಲವರನ್ನು ನಿಗಮ ಮಂಡಳಿಗೆ ನೇಮಿಸಿ ಸಮಾಧಾನ ಮಾಡಲು ನೋಡಿದರು. ಸರ್ಕಾರಿ ಕಾರಿಗಿಂತ ಟಿಕೆಟ್ಟಿನ ಆಸೆ ದೊಡ್ಡದು.

ಹಾಗಂತ ಇದನ್ನೇ ನಿಯಮ ಅಂತ ಮಾಡಿಬಿಡಬೇಡಿ. ಯಲ್ಲಾಪುರದಲ್ಲಿ ವಿ.ಎಸ್. ಪಾಟೀಲರೂ ಹೀಗೇ ಕಾಂಗ್ರೆಸ್ಸಿಗೆ ಬಂದು ನಿಂತರು, ಶಿವರಾಮ ಹೆಬ್ಬಾರರೇ ಗೆದ್ದರು. ಗೋಕಾಕದಲ್ಲಿ ಅಶೋಕ ಪೂಜಾರಿ ಜೆಡಿಎಸ್‌ನಿಂದ ನಿಂತು ನೋಡಿದರು, ರಮೇಶ್ ಜಾರಕಿಹೊಳಿಯನ್ನು ಅಲ್ಲಾಡಿಸಲಾಗಲಿಲ್ಲ. ಬೆಂಗಳೂರಿನ ಯಶವಂತಪುರ, ಕೆ.ಆರ್. ಪುರ, ಮಹಾಲಕ್ಷ್ಮಿ ಲೇಔಟ್, ರಾಜರಾಜೇಶ್ವರಿನಗರದ ನಾಲ್ವರೂ 2023ರಲ್ಲಿ ಗೆದ್ದರು. ಅಂದರೆ 17ರಲ್ಲಿ ಮತ್ತೆ ವಿಧಾನಸಭೆಗೆ ಬಂದವರು 6 ಜನ, ಅದರಲ್ಲಿ ಬೆಂಗಳೂರಿನವರೇ 4. ನಿಂತು ಸೋತವರು 8. ಉಳಿದ ಮೂವರು ನಿಲ್ಲಲಿಲ್ಲ. ಜೊತೆಗೆ 2023 ಕಾಂಗ್ರೆಸ್ 135 ಗೆದ್ದ ವರ್ಷ, ವಲಸೆ ಬರದ ಎಷ್ಟೋ ಬಿಜೆಪಿಯವರೂ ಸೋತರು. ಚಿಕ್ಕಬಳ್ಳಾಪುರದಲ್ಲಿ ಸುಧಾಕರ್ ಸೋತದ್ದು ಹೊಸ ಮುಖದ ಎದುರು, ಹಳೇ ಬಿಜೆಪಿಯವರ ಎದುರಲ್ಲ. ಮುಂದಿನ ವರ್ಷವೇ ಲೋಕಸಭೆಗೆ ಗೆದ್ದರು ಬೇರೆ. ಹಾಗಾಗಿ ಪಕ್ಷಾಂತರವೇ ಸೋಲಿಸಿತು ಅಂತ ಎದೆ ತಟ್ಟಿ ಹೇಳೋಕೆ ಬರುವುದಿಲ್ಲ. ಆದರೆ ಅಲೆ ಬಂದಾಗ ಅದರ ಮೇಲೆ ಹತ್ತೋಕೆ ಸಿದ್ಧವಾಗಿ ಕೂತಿದ್ದವರು ಯಾರು ಅನ್ನೋದಕ್ಕೆ 2018ರಲ್ಲಿ ಸೋತಿದ್ದ ಆ ಆರು ಹೆಸರುಗಳೇ ಸಾಕು.

ಅಂದರೆ ಕಾನೂನು ವಸೂಲಿ ಮಾಡದ ಬೆಲೆಯನ್ನು ಕೆಲವು ಕಡೆ ಎದುರಾಳಿಯ ಹೊಟ್ಟೆಕಿಚ್ಚು ವಸೂಲಿ ಮಾಡಿತು. ತಡವಾಗಿ. ಸರ್ಕಾರ ಬಿದ್ದು, ಇನ್ನೊಂದು ಎದ್ದು, ಅವಧಿ ಮುಗಿದ ಮೇಲೆ.

ಹಾಗಾದರೆ ಅವಧಿ ಮುಗಿಯುವವರೆಗೆ ನಿಲ್ಲಬಾರದು ಅಂತ ಸಂಸತ್ತೇ ಬರೆದುಬಿಡಲಿ ಅಂತ ತುಂಬ ಜನ ಹೇಳುತ್ತಾರೆ. ನನಗೂ ಒಂದು ಕಾಲಕ್ಕೆ ಅದೇ ಸರಿ ಅನಿಸಿತ್ತು. ಈಗ ಅನುಮಾನ. ಅನರ್ಹತೆಯ ಕೀಲಿ ಸ್ಪೀಕರ್ ಕೈಯಲ್ಲಿದೆ, ಸ್ಪೀಕರ್ ಯಾವತ್ತೂ ಒಂದು ಪಕ್ಷದವರು. 2010ರಲ್ಲಿ ಇದೇ ಕರ್ನಾಟಕದಲ್ಲಿ ಯಡಿಯೂರಪ್ಪ ಸರ್ಕಾರವನ್ನು ಉಳಿಸಿದ್ದು 16 ಶಾಸಕರ ಅನರ್ಹತೆ. ಸುಪ್ರೀಂ ಕೋರ್ಟ್ ಮುಂದಿನ ವರ್ಷ ಅದನ್ನು ರದ್ದು ಮಾಡಿತು. ಅವತ್ತು ಅವಸರ. ಬೇರೆ ಕಡೆ ವರ್ಷಗಟ್ಟಲೆ ಫೈಲು ಮುಟ್ಟದ ಸ್ಪೀಕರುಗಳಿದ್ದಾರೆ. ಎಷ್ಟರಮಟ್ಟಿಗೆ ಅಂದರೆ, ಮಣಿಪುರದ ಕೇಸಿನಲ್ಲಿ 2020ರ ಜನವರಿಯಲ್ಲಿ ಕೋರ್ಟೇ ಮೂರು ತಿಂಗಳೊಳಗೆ ಮುಗಿಸಿ ಅನ್ನಬೇಕಾಯಿತು. ಇಂಥವರ ಕೈಗೆ ಇನ್ನೂ ದೊಡ್ಡ ದೊಣ್ಣೆ ಕೊಟ್ಟರೆ ಪೆಟ್ಟು ಬೀಳೋದು ಯಾರಿಗೆ?

ಬಾಗಿಲು ಇನ್ನೂ ತೆರೆದೇ ಇದೆ. ಕರ್ನಾಟಕದ ತೀರ್ಪು ಬಂದು ನಾಲ್ಕೇ ತಿಂಗಳಿಗೆ, 2020ರ ಮಾರ್ಚ್‌ನಲ್ಲಿ, ಮಧ್ಯಪ್ರದೇಶದ 22 ಕಾಂಗ್ರೆಸ್ ಶಾಸಕರು ರಾಜೀನಾಮೆ ಕೊಟ್ಟರು. ಅವರು ತಂಗಿದ್ದು ನಮ್ಮ ಬೆಂಗಳೂರಿನಲ್ಲೇ. ಅಲ್ಲಿನ ಸ್ಪೀಕರ್ ರಾಜೀನಾಮೆ ಒಪ್ಪಿಕೊಂಡರು, ಅನರ್ಹ ಮಾಡಲಿಲ್ಲ. ಕಮಲನಾಥ್ ಸರ್ಕಾರ ಬಿತ್ತು. ಅವರಲ್ಲಿ ಹಲವರು ಶಾಸಕರಾಗದೆಯೇ ಮಂತ್ರಿಗಳಾದರು, ಆಮೇಲೆ ನಿಧಾನಕ್ಕೆ ಉಪಚುನಾವಣೆಗೆ ಹೋದರು. ನಮ್ಮ 17 ಜನ ಬಯಸಿದ್ದು ಸರಿಯಾಗಿ ಇದನ್ನೇ.

17ರಲ್ಲಿ 2023ಕ್ಕೆ ಮತ್ತೆ ಗೆದ್ದು ಬಂದ ಆರು ಜನರಲ್ಲಿ ಇಬ್ಬರ ಸುದ್ದಿ ಹೇಳಿ ಬಿಡುತ್ತೇನೆ. 2024ರ ಫೆಬ್ರುವರಿಯಲ್ಲಿ ರಾಜ್ಯಸಭೆ ಚುನಾವಣೆ ನಡೆದಾಗ ಯಶವಂತಪುರದ ಎಸ್.ಟಿ. ಸೋಮಶೇಖರ್ ಕಾಂಗ್ರೆಸ್ ಅಭ್ಯರ್ಥಿಗೆ ಓಟು ಹಾಕಿದರು, ಯಲ್ಲಾಪುರದ ಹೆಬ್ಬಾರ್ ಓಟಿಗೇ ಬರಲಿಲ್ಲ. ರಾಜ್ಯಸಭೆಯ ಓಟು ಹತ್ತನೇ ಶೆಡ್ಯೂಲಿನ ಒಳಗೆ ಬರುವುದಿಲ್ಲ. 2025ರ ಮೇನಲ್ಲಿ ಬಿಜೆಪಿ ಇಬ್ಬರನ್ನೂ ಉಚ್ಚಾಟಿಸಿತು. ಪಕ್ಷ ತಾನಾಗಿ ಹೊರಗೆ ಹಾಕಿದರೆ ಶಾಸಕ ಸ್ಥಾನ ಹೋಗುವುದಿಲ್ಲ. ಈ ಸಲ ಇಬ್ಬರೂ ರಾಜೀನಾಮೆ ಪತ್ರ ಬರೆಯಬೇಕಾಗಿ ಬರಲಿಲ್ಲ.